ಹನಿ ಬಾಟಲಿ ಬಿಸಾಕಿ, ಉಪ್ಪಿನ ಪೊಟ್ಟಣ ಓದಿ

ಎರಡು ವಾರದಿಂದ ಇಲ್ಲಿ ಏನೂ ಬರೆದಿಲ್ಲ. ಕಡ್ಲೆಕಾಯಿಗೆ ಸುರುಳಿಪೂಚಿ ಬಿದ್ದಿದೆ ಅಂತ ಫೋಟೋ ಕಳಿಸಿದವರಿಗೆ ಉತ್ತರಾನೂ ಕೊಟ್ಟಿಲ್ಲ, ಬೇಜಾರು ಮಾಡ್ಕೋಬೇಡಿ. ತುಮಕೂರಿನ ಆಸ್ಪತ್ರೆಯಲ್ಲಿ ಅಕ್ಕನ ಪಕ್ಕ ಕೂತಿದ್ದೆ. ಇವತ್ತು ಬೆಳೆ ಬಗ್ಗೆ ಬರೆಯಲ್ಲ, ಉಪ್ಪಿನ ಬಗ್ಗೆ ಬರೀತೀನಿ. ಕೋಪದಲ್ಲೇ ಬರೀತೀನಿ. ಅರ್ಧ ಕೋಪ ಹನಿ ಮಾರಿದವನ ಮೇಲೆ, ಇನ್ನರ್ಧ ನನ್ನ ಮೇಲೆ.

ಅಕ್ಕನ್ನ ಕೊಟ್ಟಿರೋದು ಪಾವಗಡ ತಾಲ್ಲೂಕಿಗೆ. ಆ ಕಡೆಯ ಬೋರ್ ನೀರಿನ ವಿಷಯ ನಿಮಗೆ ಹೊಸದಲ್ಲ. ಫ್ಲೋರೈಡ್. ಮಕ್ಕಳ ಹಲ್ಲು ಕಂದು, ದೊಡ್ಡವರ ಮಂಡಿ, ಬೆನ್ನು ಮರಗಟ್ಟಿದಂಗೆ. ಅಕ್ಕನಿಗೆ ಅದೂ ಐತೆ, ಜೊತೆಗೆ ಕತ್ತಿನಲ್ಲಿ ಇಪ್ಪತ್ತು ಮೂವತ್ತು ವರ್ಷದಿಂದ ನಿಂಬೆಹಣ್ಣಿನಷ್ಟು ಒಂದು ಗಂಟು. ನೋವಿಲ್ಲ, ನುಂಗೋಕೆ ತೊಂದರೆ ಇಲ್ಲ, ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಸಂತೆಗೆ ಒಬ್ಬ ಬಂದಿದ್ದ. ಮೈಕು, ಬ್ಯಾನರು, ಇಸ್ತ್ರಿ ಮಾಡಿದ ಶರ್ಟು. ಹೆಂಗಸರನ್ನ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮಣಿಕಟ್ಟಿಗೆ ಕಂದು ಬಣ್ಣದ ದ್ರವ ಹಚ್ಚಿದ್ದಾನೆ. "ಸಂತೆ ಮುಗಿಸ್ಕೊಂಡು ಬನ್ನಿ, ಬಣ್ಣ ಹೋಗಿದ್ರೆ ನಿಮ್ಮ ಮೈ ಅಯೋಡಿನ್‌ಗೆ ಹಸಿದೈತೆ ಅಂತ ಅರ್ಥ." ಎಲ್ಲರ ಬಣ್ಣಾನೂ ಹೋಗಿತ್ತು. ಹೋಗದೆ ಏನಾಗುತ್ತೆ? ಅಯೋಡಿನ್ ಗಾಳಿಗೆ ಆರೋ ವಸ್ತು, ಚರ್ಮಕ್ಕೆ ತಗುಲಿದರೂ ಬಣ್ಣ ಕಳ್ಕೊಳ್ಳುತ್ತೆ. ಪಾವಗಡದ ಬಿಸಿಲಲ್ಲಿ ಕಲ್ಲಿಗೆ ಹಚ್ಚಿದ್ರೂ ಹೋಗುತ್ತೆ. ಹಾಗಂತ ಕಲ್ಲಿಗೂ ಅಯೋಡಿನ್ ಕೊರತೆಯಾ?

ಅವನು ಹೇಳಿದ ಮಾತು ಇನ್ನೊಂದು. "ಮೈಯಾಗಿರೋ ಫ್ಲೋರೈಡ್‌ನ ಅಯೋಡಿನ್ ಒದ್ದು ಓಡಿಸ್ತೈತೆ. ಮಂಡಿ ನೋವೂ ಹೋಯ್ತು, ಕತ್ತಿನ ಗಂಟೂ ಕರಗೋಯ್ತು." ಮೂವತ್ತು ಎಂಎಲ್ ಬಾಟಲಿ, 850 ರೂಪಾಯಿ. ಅಕ್ಕ ಕುರಿಮರಿ ಮಾರಿದ ದುಡ್ಡಲ್ಲಿ ಎರಡು ತಗೊಂಡ್ಲು. ದಿನಾ ಬೆಳಿಗ್ಗೆ ನೀರಿಗೆ ಎರಡು ಹನಿ.

ಎರಡನೇ ತಿಂಗಳಿಗೆ ಬಟ್ಟೆ ಸಡಿಲ ಆಯ್ತು. "ತೂಕ ಇಳೀತೈತೆ, ಔಷಧಿ ಕೆಲ್ಸ ಮಾಡ್ತೈತೆ" ಅಂತ ಖುಷಿಪಟ್ಲಂತೆ. ಆಮೇಲೆ ಕೈ ನಡುಕ, ರಾತ್ರಿ ನಿದ್ದೆ ಇಲ್ಲ, ಮೈಯೆಲ್ಲಾ ಬೆವರು. ಒಂದು ದಿನ ದನದ ಕೊಟ್ಟಿಗೆಯಲ್ಲಿ ಸಗಣಿ ಬಾಚ್ತಾ ಇದ್ದವಳು ಎದೆ ಹಿಡ್ಕೊಂಡು ಕೂತುಬಿಟ್ಲು. ಭಾವ ಫೋನ್ ಮಾಡಿದಾಗ ನಾನು ತೋಟದಲ್ಲಿದ್ದೆ. ಆಸ್ಪತ್ರೆಯಲ್ಲಿ ಎದೆಬಡಿತದ ಪಟ್ಟಿ ನೋಡಿ ಡಾಕ್ಟ್ರು, "ತಾಳ ತಪ್ಪಿದೆ" ಅಂದ್ರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಹಾರ್ಮೋನ್ ವಿಪರೀತ ಜಾಸ್ತಿ, ಟಿಎಸ್‌ಎಚ್ ನೆಲ ಕಚ್ಚಿತ್ತು. ಅವರು ಕೇಳಿದ ಮೊದಲನೇ ಪ್ರಶ್ನೆ: "ಅಮ್ಮಾ, ಹೊರಗಿನ ಔಷಧಿ ಏನಾದ್ರೂ ತಗೋತಿದ್ದೀರಾ?" ಅಕ್ಕ ಸೆರಗಿನ ಗಂಟು ಬಿಚ್ಚಿ ಬಾಟಲಿ ತೆಗೆದು ಕೊಟ್ಲು. ಆಸ್ಪತ್ರೆಗೂ ತಂದಿದ್ಲು, ಒಂದು ದಿನ ತಪ್ಪಬಾರದು ಅಂತ.

ಆ ಬಾಟಲಿ ಮೇಲೆ ಬರೆದಿದ್ದನ್ನ ನಾನು ರಾತ್ರಿ ವಾರ್ಡಿನ ಹೊರಗೆ ಬೆಂಚ್ ಮೇಲೆ ಕೂತು ಓದಿದೆ. ಐದು ಪರ್ಸೆಂಟ್ ಅಯೋಡಿನ್, ಹತ್ತು ಪರ್ಸೆಂಟ್ ಪೊಟ್ಯಾಸಿಯಂ ಅಯೋಡೈಡ್. ಇದು ಹೊಸ ಕಂಡುಹಿಡಿತ ಏನಲ್ಲ, 1829ರಲ್ಲಿ ಲುಗೋಲ್ ಅನ್ನೋ ಫ್ರೆಂಚ್ ಡಾಕ್ಟರ್ ಮಾಡಿದ ದ್ರಾವಣ. ಇವತ್ತೂ ಥೈರಾಯ್ಡ್ ಆಪರೇಷನ್‌ಗೆ ಮುಂಚೆ ಕೆಲವು ದಿನ ಮಾತ್ರ, ಡಾಕ್ಟ್ರ ಕಣ್ಣೆದುರಿಗೆ ಕೊಡ್ತಾರೆ. ಅದನ್ನ ಸಂತೆಯಲ್ಲಿ ಕಷಾಯ ಮಾರಿದಂಗೆ ಮಾರಿದಾನೆ.

ಈಗ ಲೆಕ್ಕ ಹಾಕಿ. ನಾವೆಲ್ಲ ಗೊಬ್ಬರದ ಲೆಕ್ಕ ಹಾಕೋರೇ, ಇದೂ ಅಷ್ಟೇ. ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಬಸುರಿಗೆ, ಬಾಣಂತಿಗೆ 250. ಒಂದು ಮಿಲಿಗ್ರಾಂ ಅಂದ್ರೆ ಸಾವಿರ ಮೈಕ್ರೋಗ್ರಾಂ. ಆ ದ್ರಾವಣದ ಒಂದು ಹನಿಯಲ್ಲಿ ಸುಮಾರು ಆರೂಕಾಲು ಮಿಲಿಗ್ರಾಂ, ಅಂದ್ರೆ 6,250 ಮೈಕ್ರೋಗ್ರಾಂ. ನಲವತ್ತು ದಿನಕ್ಕಿಂತ ಹೆಚ್ಚಿನದ್ದು ಒಂದೇ ಹನಿಯಲ್ಲಿ. ಅಕ್ಕ ಕುಡೀತಿದ್ದದ್ದು ಎರಡು. ಅಮೆರಿಕದವರು ಇದಕ್ಕಿಂತ ಮೇಲೆ ಹೋಗಬೇಡಿ ಅಂತ ದಿನಕ್ಕೆ ಹಾಕಿರೋ ಗೆರೆ 1,100, ಯುರೋಪಿನವರದ್ದು ಇನ್ನೂ ಬಿಗಿ, 600. ಅಕ್ಕನದ್ದು 12,500. ಇನ್ನೊಂದು ತರ ಲೆಕ್ಕ ಹಾಕಿದೆ: ಮೂವತ್ತು ಎಂಎಲ್‌ನಲ್ಲಿ ಆರುನೂರು ಹನಿ, ಒಬ್ಬರಿಗೆ 68 ವರ್ಷಕ್ಕೆ ಆಗೋ ಅಯೋಡಿನ್ ಒಂದು ಬಾಟಲಿಯಲ್ಲಿ. ಎರಡು ಸಲ ಹಾಕಿ ನೋಡಿದೆ, ಅಷ್ಟೇ ಬಂತು.

ತೆಂಗಿಗೆ ಬೋರಾಕ್ಸ್ ಬೇಕು. ಇಲ್ಲಾಂದ್ರೆ ಸುಳಿ ಮುದುಡುತ್ತೆ, ಹರಳು ಉದುರುತ್ತೆ. ಹಾಗಂತ ಗಿಡಕ್ಕೆ ಐವತ್ತು ಗ್ರಾಂ ಅಂದಲ್ಲಿ ನಾಲ್ಕು ಕೆಜಿ ಸುರೀತೀವಾ? ಸುರಿದ್ರೆ ಗರಿ ಸುಟ್ಟು ಹೋಗುತ್ತೆ ಅಂತ ನಮ್ಮ ಹಟ್ಟಿ ಹುಡುಗನಿಗೂ ಗೊತ್ತು. ಗಿಡಕ್ಕೆ ತೋರಿಸೋ ಬುದ್ಧಿಯನ್ನ ಮೈಗೆ ತೋರಿಸಲ್ಲ ನಾವು. ಕಮ್ಮಿ ಆದ್ರೂ ಥೈರಾಯ್ಡ್ ಕೆಡುತ್ತೆ, ಜಾಸ್ತಿ ಆದ್ರೂ ಕೆಡುತ್ತೆ. ಅದೂ ಅಕ್ಕನ ಹಾಗೆ ಹಳೇ ಗಂಟು ಇರೋರಿಗೆ ಒಮ್ಮೆಲೇ ಅಯೋಡಿನ್ ಸುರಿದ್ರೆ, ಆ ಗಂಟು ಮೇವು ಕಂಡ ಹೋರಿ ತರ ಹಾರ್ಮೋನ್ ಸುರಿಯೋಕೆ ಶುರು ಮಾಡುತ್ತೆ. ಬೇರೆ ಕೆಲವರಿಗೆ ತಿರುಗುಮುರುಗು ಆಗಿ ಥೈರಾಯ್ಡ್ ಮಂಕಾಗಿಬಿಡುತ್ತೆ: ಸುಸ್ತು, ಮೈ ಊತ, ಚಳಿ ತಡೆಯಕ್ಕಾಗಲ್ಲ.

ಇನ್ನು ಫ್ಲೋರೈಡ್ ಓಡಿಸೋ ಮಾತು. ಇದು ನಮ್ಮ ನಾಲ್ಕೂ ತಾಲ್ಲೂಕಿನವರಿಗೆ ಮಾಡಿರೋ ಮೋಸ, ಯಾಕಂದ್ರೆ ನಮ್ಮ ನೋವು ಎಲ್ಲಿದೆ ಅಂತ ತಿಳ್ಕೊಂಡೇ ಬಂದವ್ನೆ. ಮೂಳೆಗೆ ಸೇರಿದ ಫ್ಲೋರೈಡ್‌ನ ಅಯೋಡಿನ್ ಕಿತ್ತು ತೆಗೆಯಲ್ಲ. ಹಲ್ಲಿನ ಕಂದು ಕಲೆ ಹನಿಯಿಂದ ಹೋಗಲ್ಲ. ಫ್ಲೋರೈಡ್‌ಗೆ ಇರೋದು ಒಂದೇ ದಾರಿ, ಅದು ಮೈಗೆ ಹೋಗೋದನ್ನ ನಿಲ್ಲಿಸೋದು. ಕುಡಿಯೋಕೂ ಅಡುಗೆಗೂ ಲೀಟರಿಗೆ ಒಂದೂವರೆ ಮಿಲಿಗ್ರಾಂಗಿಂತ ಕಮ್ಮಿ ಇರೋ ನೀರು, ಒಂದರ ಒಳಗಿದ್ದರೆ ಇನ್ನೂ ಒಳ್ಳೇದು. ಹಾಲು, ಸೊಪ್ಪು, ನೆಲ್ಲಿಕಾಯಿ, ಕ್ಯಾಲ್ಸಿಯಂ ಸಿಗೋ ಊಟ. 1,700 ರೂಪಾಯಿ ಹನಿಗೆ ಕೊಟ್ಟ ನಮ್ಮಕ್ಕ ಅದೇ ದುಡ್ಡಲ್ಲಿ ಶುದ್ಧ ನೀರಿನ ಘಟಕದಿಂದ ಎಷ್ಟು ತಿಂಗಳು ಕ್ಯಾನ್ ನೀರು ತರಬಹುದಿತ್ತು! ಘಟಕ ಆರು ತಿಂಗಳಿಂದ ಕೆಟ್ಟು ಕೂತೈತೆ ಅಂತೀರಾ? ಆ ಸಿಟ್ಟು ಪಂಚಾಯ್ತಿ ಮುಂದೆ ತೋರಿಸಿ, ಹನಿ ಬಾಟಲಿ ಹತ್ತಿರ ಅಲ್ಲ.

ಇಲ್ಲಿಗೆ ಅವನ ಮೇಲಿನ ಕೋಪ. ಈಗ ನನ್ನದು.

ಡಾಕ್ಟ್ರು ಅಕ್ಕನ ವಿಷಯ ಮುಗಿಸಿ ನನ್ನ ಕಡೆ ತಿರುಗಿ, "ನಿಮ್ಮ ಮನೇಲಿ ಯಾವ ಉಪ್ಪು?" ಅಂದ್ರು. ನಾನು ಎದೆ ಉಬ್ಬಿಸಿ, "ಕಲ್ಲುಪ್ಪು ಸಾರ್, ಕಂಪನಿ ಪುಡಿ ಉಪ್ಪು ನಮ್ಮನೆ ಹತ್ರ ಸೇರಿಸಲ್ಲ" ಅಂದೆ. "ಪೊಟ್ಟಣದ್ದಾ?" ಅಲ್ಲ, ಚೀಲದ್ದು. ಆ ಚೀಲ ನಾನು ತೆಂಗಿನ ಪಾತಿಗೆ ಹಾಕೋಕೆ ಅಂತ ತಂದಿದ್ದು. ಮೂರು ವರ್ಷದಿಂದ ತರ್ತಾ ಇದ್ದೀನಿ, ಅದರಲ್ಲೇ ಒಂದು ಡಬ್ಬಿ ಅಡುಗೆಮನೆಗೂ ಹೋಗ್ತಾ ಇತ್ತು. ಮನೆಗೆ ಬಂದು ಚೀಲ ತಿರುಗಿಸಿ ನೋಡಿದೆ, ತಿನ್ನೋಕಲ್ಲ ಅಂತ ಅಚ್ಚು ಹಾಕಿದ್ದಾರೆ. ಮೂರು ವರ್ಷ ಆ ಚೀಲದ ಮೇಲೆ ಕೂತು ಬೀಡಿ ಸೇದಿದ್ದೀನಿ, ಓದಿರಲಿಲ್ಲ. ಮನೇಲಿ ಸೊಸೆ ಐದು ತಿಂಗಳ ಬಸುರಿ.

ಅದೇ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ಹೊಟ್ಟೆಯಲ್ಲಿರೋ ಮಗುವಿನ ಮಿದುಳು ಬೆಳೆಯೋಕೆ ತಾಯಿಯ ಥೈರಾಯ್ಡ್ ಹಾರ್ಮೋನ್ ಬೇಕು, ಅದಕ್ಕೆ ಅಯೋಡಿನ್ ಬೇಕು. ತೀರಾ ಕಮ್ಮಿ ಆದ್ರೆ ಗರ್ಭ ನಿಲ್ಲದೇ ಹೋಗಬಹುದು, ಮಗು ಮಂದ ಆಗಬಹುದು, ಕಿವಿ ಕೇಳದೇ ಹೋಗಬಹುದು. ಆಮೇಲೆ ಎಷ್ಟು ಅಯೋಡಿನ್ ಕೊಟ್ರೂ ಹೋದದ್ದು ಬರಲ್ಲ. ಅಂಗನವಾಡಿಯಲ್ಲಿ, ಆಸ್ಪತ್ರೆಯಲ್ಲಿ ಕೊಡೋ ಕಬ್ಬಿಣದ ಮಾತ್ರೆಯಲ್ಲಿ ಅಯೋಡಿನ್ ಇಲ್ಲ, ಅದರಲ್ಲಿ ಇರೋದು ಕಬ್ಬಿಣ ಮತ್ತು ಫೋಲಿಕ್ ಆಸಿಡ್. ನಾನು ಅದರಲ್ಲಿ ಎಲ್ಲಾ ಇರುತ್ತೆ ಅಂದ್ಕೊಂಡಿದ್ದೆ. ಸೊಸೆಯನ್ನ ಕರ್ಕೊಂಡು ಹೋಗಿ ಟಿಎಸ್‌ಎಚ್ ಮಾಡಿಸಿದೆವು, ಸರಿಯಾಗೇ ಇದೆ. ಅದು ನನ್ನ ಬುದ್ಧಿವಂತಿಕೆಯಿಂದ ಅಲ್ಲ, ದಿನಾ ಹಾಲು ಕುಡೀತಾಳೆ, ವಾರಕ್ಕೆ ಎರಡು ಮೂರು ದಿನ ಮೊಟ್ಟೆ, ತವರಿಗೆ ಹೋದಾಗ ಅಲ್ಲಿ ಪೊಟ್ಟಣದ ಉಪ್ಪು. ಡೈರಿಯಿಂದ ತಂದ ಖನಿಜ ಮಿಶ್ರಣ ನಮ್ಮ ಹಸುವಿಗೆ ತಪ್ಪದೆ ಹಾಕ್ತೀನಿ, ಅದರಲ್ಲಿ ಅಯೋಡಿನ್ ಇರುತ್ತೆ, ಹಾಲಿಗೂ ಬರುತ್ತೆ. ಹಸುವಿಗೆ ಅಳೆದು ಹಾಕ್ತಿದ್ದೆ, ಸೊಸೆಗೆ ತೆಂಗಿನ ಉಪ್ಪು. ನಗ್ತೀರೇನೋ, ನಗಿ.

ಈಗ "ಕಲ್ಲುಪ್ಪಿನಲ್ಲಿ ಸಮುದ್ರದ ಅಯೋಡಿನ್ ತಾನಾಗೇ ಇರುತ್ತೆ" ಅನ್ನೋರಿಗೆ. ನಾನೂ ಹತ್ತು ವರ್ಷ ಹೀಗೇ ವಾದ ಮಾಡಿದವನು. ಒಂದು ಲೀಟರ್ ಸಮುದ್ರದ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು, ಅಯೋಡಿನ್ ಹೆಚ್ಚೂಕಮ್ಮಿ 60 ಮೈಕ್ರೋಗ್ರಾಂ. ನೀರು ಆರಿ ಉಪ್ಪು ಹರಳುಗಟ್ಟೋವಾಗ ಅದರಲ್ಲೂ ಬಹುಪಾಲು ಹೋಗುತ್ತೆ. ಒಂದು ಚೂರೂ ಹೋಗಲಿಲ್ಲ ಅಂತಲೇ ಇಟ್ಕೊಳ್ಳಿ, ಐದು ಗ್ರಾಂ ಉಪ್ಪಿಗೆ ಒಂಬತ್ತು ಮೈಕ್ರೋಗ್ರಾಂ ಸಿಗಲ್ಲ. ಬೇಕಾದ್ದು 150. ತೂತ್ತುಕುಡಿಯಿಂದ ಲಾರಿಯಲ್ಲಿ ಬಂದ್ರೂ ಅಷ್ಟೇ, ಗೋಕರ್ಣದ ಹತ್ತಿರದ ಸಾಣಿಕಟ್ಟಾದಿಂದ ಬಂದ್ರೂ ಅಷ್ಟೇ, ಅಯೋಡಿನ್ ಸೇರಿಸದಿದ್ರೆ ಇಲ್ಲ. ಗುಲಾಬಿ ಉಪ್ಪು, ಸೈಂಧವ ಲವಣ ಅಂತ ಕೆಜಿಗೆ ನೂರು ಇನ್ನೂರು ಕೊಟ್ಟು ತರ್ತಾ ಇರೋ ಕೊರಟಗೆರೆ ಪೇಟೆಯ ಸ್ನೇಹಿತರಿಗೂ ಇದೇ ಮಾತು. ಬಣ್ಣ ಚೆನ್ನಾಗಿದೆ. ಕರಿ ಉಪ್ಪಿನ ವಿಷಯದಲ್ಲಂತೂ ಫ್ಲೋರೋಸಿಸ್ ಇರೋರು ಅದನ್ನ ಮುಟ್ಟಬೇಡಿ ಅಂತ ಆ ಕಾಯಿಲೆ ನೋಡೋ ಡಾಕ್ಟ್ರುಗಳೇ ಹೇಳ್ತಾರೆ, ಅದರಲ್ಲೇ ಫ್ಲೋರೈಡ್ ಇರುತ್ತೆ ಅಂತ.

"ನಮ್ಮ ಅಜ್ಜ ಅಜ್ಜಿ ಯಾವ ಅಯೋಡಿನ್ ತಿಂದಿದ್ರು?" ಇದು ಇನ್ನೊಂದು ಪ್ರಶ್ನೆ. ಅಜ್ಜಿಯಂದಿರ ಕಾಲದ ಗಳಗಂಡ ನೋಡಿದೋರು ಇನ್ನೂ ಬದುಕಿದ್ದಾರೆ, ಚಿಕ್ಕಮಗಳೂರು, ಕೊಡಗಿನ ಕಡೆಯ ಹಳಬರನ್ನ ಕೇಳಿ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾಕ್ಟರ್ ವಿ. ರಾಮಲಿಂಗಸ್ವಾಮಿ ಮತ್ತು ಜೊತೆಯವರು ನಾವು ಹೊಲದಲ್ಲಿ ತಾಕು ಹಾಕ್ತೀವಲ್ಲ, ಹಾಗೇ ಮಾಡಿದ್ರು. ಕಣಿವೆಯನ್ನ ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರೀ ಉಪ್ಪು. ಐದಾರು ವರ್ಷದಲ್ಲಿ ಎರಡು ತಾಕಿನ ಮಕ್ಕಳಲ್ಲಿ ಗಳಗಂಡ ಇಳಿದಿತ್ತು, ಮೂರನೇದರಲ್ಲಿ ಇರಲಿಲ್ಲ. ಆಮೇಲೆ ಮೂರನೇದಕ್ಕೂ ಕೊಟ್ರು, ಅಲ್ಲೂ ಇಳೀತು. ಆ ಫಲಿತಾಂಶದ ಮೇಲೆ 1962ರಲ್ಲಿ ದೇಶದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯ್ತು.

ಕಂಪನಿಗಳ ಪಿತೂರಿ ಅನ್ನೋ ವಾದದಲ್ಲಿ ನಿಜ ಇಲ್ಲವೇ ಇಲ್ಲ ಅನ್ನಲ್ಲ. ಕಡ್ಡಾಯ ಬಂದಾಗ ಸಣ್ಣ ಉಪ್ಪಿನ ಗದ್ದೆಯವರಿಗೆ ಕಷ್ಟ ಆಗಿದೆ, ದೊಡ್ಡವರು ದುಡ್ಡು ಮಾಡಿದ್ದಾರೆ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿ ಜೈಲಿಗೆ ಹೋದವರ ನಾಡು ಇದು, ಉಪ್ಪಿನ ಮೇಲೆ ಯಾರಾದ್ರೂ ಅಧಿಕಾರ ಹಾಕಿದ್ರೆ ನಮಗೆ ಉರಿಯುತ್ತೆ, ಉರೀಬೇಕು. ಆದ್ರೆ ವಾಟ್ಸಾಪಿನಲ್ಲಿ ಓಡಾಡ್ತಾ ಇರೋ "ಸುಪ್ರೀಂ ಕೋರ್ಟ್ ಅಯೋಡಿನ್ ಉಪ್ಪನ್ನ ರದ್ದು ಮಾಡಿದೆ" ಅನ್ನೋದು ಅರ್ಧ ಸತ್ಯ. 2011ರ ತೀರ್ಪಲ್ಲಿ ಕೋರ್ಟ್ ಹೇಳಿದ್ದು, ಕಲಬೆರಕೆ ತಡೆಯೋಕೆ ಮಾಡಿದ ಹಳೇ ಕಾಯ್ದೆ ಕೆಳಗೆ ಇಂಥ ನಿಯಮ ಮಾಡೋ ಅಧಿಕಾರ ಸರ್ಕಾರಕ್ಕೆ ಇರಲಿಲ್ಲ ಅಂತ. ಅಯೋಡಿನ್ ವಿಷ ಅಂತ ಎಲ್ಲೂ ಹೇಳಿಲ್ಲ. ಅದೇ ವರ್ಷ ಬಂದ ಹೊಸ ಆಹಾರ ಸುರಕ್ಷತಾ ನಿಯಮದಲ್ಲಿ, ನೇರ ತಿನ್ನೋಕೆ ಮಾರೋ ಉಪ್ಪಿಗೆ ಅಯೋಡಿನ್ ಇರಲೇಬೇಕು ಅಂತ ಮತ್ತೆ ಬಂತು. ದನಕ್ಕೆ, ಕಾರ್ಖಾನೆಗೆ ಮಾರೋದಕ್ಕೆ ವಿನಾಯಿತಿ, ಹಾಗಂತ ಚೀಲದ ಮೇಲೆ ಬರೆದಿರಬೇಕು. ನನ್ನ ತೆಂಗಿನ ಚೀಲದವನು ಕಾನೂನಿನ ಪ್ರಕಾರವೇ ಬರೆದಿದ್ದ. ಓದದೇ ಇದ್ದವನು ನಾನು.

ಅಂಗಡಿಯಲ್ಲಿ ಕೈಗೆ ಬರೋ ಉಪ್ಪಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು, ಅಂದ್ರೆ ಗ್ರಾಂಗೆ 15 ಮೈಕ್ರೋಗ್ರಾಂ. ತಯಾರಾಗೋ ಕಡೆ 30ರ ತನಕ ಇರುತ್ತೆ. ಮೂವತ್ತು ಇದ್ರೆ ಐದು ಗ್ರಾಂನಲ್ಲೇ 150 ಆಯ್ತು, ಹದಿನೈದು ಇದ್ರೆ ಹತ್ತು ಗ್ರಾಂ. ನಮ್ಮ ಕಡೆ ಉಪ್ಪೆಸರು, ಉಪ್ಪಿನಕಾಯಿ, ಚಟ್ನಿಪುಡಿ ಅಂತ ಉಪ್ಪು ಹೆಂಗೂ ಕಮ್ಮಿ ಬೀಳಲ್ಲ. ಅಯೋಡಿನ್ ಸಿಗಲಿ ಅಂತ ಉಪ್ಪು ಜಾಸ್ತಿ ತಿನ್ನೋ ಕೆಲಸ ಮಾತ್ರ ಮಾಡಬೇಡಿ, ಬಿಪಿ ಏರುತ್ತೆ. ಪೊಟ್ಟಣದ ಮೇಲೆ ಅಯೋಡೀಕೃತ ಅಂತ ಇರಬೇಕು, ನಗುವ ಸೂರ್ಯನ ಗುರುತು ಇರುತ್ತೆ, ತಯಾರಾದ ದಿನಾಂಕ ನೋಡಿ, ಹಳೇದು ಬೇಡ. ಕಲ್ಲುಪ್ಪೇ ಬೇಕು ಅನ್ನೋರಿಗೆ ಅಯೋಡಿನ್ ಬೆರೆಸಿದ ಕಲ್ಲುಪ್ಪೂ ಪೊಟ್ಟಣದಲ್ಲಿ ಸಿಗುತ್ತೆ, ಆದ್ರೆ ತೊಳೀಬೇಡಿ. ಹರಳಿನ ಮೈಮೇಲೆ ಅಂಟಿರೋದೇ ಅಯೋಡಿನ್, ತೊಳೆದ ನೀರಲ್ಲಿ ಹೋಗಿಬಿಡುತ್ತೆ. ನಮ್ಮವ್ವ ಮೂರು ನೀರಲ್ಲಿ ತೊಳೀತಿದ್ಲು.

ಅಂಗಡಿ ಮುಂದೆ ರಾತ್ರಿಯೆಲ್ಲಾ ಬಿದ್ದಿರುತ್ತಲ್ಲ ಉಪ್ಪಿನ ಮೂಟೆ, ಯಾರೂ ಕದಿಯಲ್ಲ ಅಂತ. ಬಿಸಿಲು, ಮಳೆ, ಇಬ್ಬನಿ ಎಲ್ಲಾ ಅದಕ್ಕೇ. ಅಯೋಡಿನ್ ಹಾಕಿದ್ರೂ ಅದರಲ್ಲಿ ಎಷ್ಟು ಉಳೀತು ಅಂತ ನಂಬೋಕಾಗಲ್ಲ. ಅಂಗಡಿಯವರು ಇದನ್ನ ಓದ್ತಾ ಇದ್ರೆ ಒಳಗಿಡಿ ಸ್ವಾಮಿ. ಮನೇಲೂ ಹಾಗೇ, ಒಲೆ ಪಕ್ಕದ ಬಾಯಿ ತೆರೆದ ಮಡಕೆ ಬಿಟ್ಟು ಮುಚ್ಚಳ ಇರೋ ಡಬ್ಬಿಗೆ ಹಾಕಿ, ಒದ್ದೆ ಕೈ ಹಾಕಬೇಡಿ. ಸಾರು ಇಳಿಸೋ ಹೊತ್ತಿಗೆ ಉಪ್ಪು ಹಾಕಿದ್ರೆ ಇನ್ನೂ ಒಳ್ಳೇದು. ಅಡುಗೆಯಲ್ಲಿ ಐದರಲ್ಲೊಂದು ಪಾಲು ಹೋಗುತ್ತೆ ಅಂತ ಲೆಕ್ಕ.

ಆಲೂಗಡ್ಡೆ ಮೇಲೆ ಉಪ್ಪು, ನಿಂಬೆರಸ ಹಾಕಿ ನೀಲಿ ಬಂದ್ರೆ ಮಾತ್ರ ಅಯೋಡಿನ್ ಇದೆ ಅನ್ನೋ ವಿಡಿಯೋ ನಂಗೂ ನಾಲ್ಕು ಜನ ಕಳಿಸಿದ್ರು. ಆ ಪರೀಕ್ಷೆ ಕಬ್ಬಿಣಾನೂ ಅಯೋಡಿನ್ನೂ ಎರಡೂ ಸೇರಿಸಿದ ಉಪ್ಪನ್ನ ಗುರುತಿಸೋಕೆ. ಮಾಮೂಲಿ ಅಯೋಡಿನ್ ಉಪ್ಪಿಗೆ ಅದರಲ್ಲಿ ನೀಲಿ ಬರಲ್ಲ, ಅದನ್ನ ನೋಡಿ ಒಳ್ಳೇ ಉಪ್ಪನ್ನ ಬಿಸಾಕಿದೋರು ಇದ್ದಾರೆ. ಉಪ್ಪು ಪರೀಕ್ಷೆ ಮಾಡೋ ಪುಟ್ಟ ಕಿಟ್ ಆರೋಗ್ಯ ಇಲಾಖೆಯವರ ಹತ್ತಿರ ಇರುತ್ತೆ, ಎರಡು ಹನಿ ಹಾಕಿದ್ರೆ ನೀಲಿ ಎಷ್ಟು ಗಾಢ ಅಂತ ಪಟ್ಟಿ ಜೊತೆ ಹೋಲಿಸಿ ನೋಡೋದು. ನಿಮ್ಮ ಆಶಾ ಕಾರ್ಯಕರ್ತೆಯನ್ನ ಕೇಳಿ.

ಮಾತ್ರೆ ಯಾರಿಗೂ ಬೇಡ ಅಂತ ನಾನು ಹೇಳ್ತಾ ಇಲ್ಲ. ಬಸುರಿಯರಿಗೆ ಕೆಲವು ಡಾಕ್ಟ್ರು 150 ಮೈಕ್ರೋಗ್ರಾಂ ಇರೋ ಮಾತ್ರೆ ಬರೀತಾರೆ, ಅವರು ಬರೆದ್ರೆ ತಗೊಳ್ಳಿ. ಚೀಟಿಯಲ್ಲೋ ಡಬ್ಬಿಯಲ್ಲೋ ಮೈಕ್ರೋಗ್ರಾಂ ಇದೆಯಾ, ಮಿಲಿಗ್ರಾಂ ಇದೆಯಾ ಅಂತ ಎರಡು ಸಲ ಓದಿ, ಸಾವಿರ ಪಟ್ಟು ವ್ಯತ್ಯಾಸ. ಸಮುದ್ರದ ಪಾಚಿಯಿಂದ ಮಾಡಿದ್ದು ಅಂತ ಆನ್‌ಲೈನ್‌ನಲ್ಲಿ ಬರೋ ಮಾತ್ರೆಯಲ್ಲಿ ಅಯೋಡಿನ್ ಒಂದೊಂದರಲ್ಲಿ ಒಂದೊಂದು ತರ ಇರುತ್ತೆ, ದೂರ ಇರಿ. ಥೈರಾಯ್ಡ್ ಮಾತ್ರೆ ನುಂಗ್ತಾ ಇರೋರು ಹನಿ ನಂಬ್ಕೊಂಡು ಅದನ್ನ ನಿಲ್ಲಿಸಲೇಬೇಡಿ. ಹೃದಯಕ್ಕೆ ಅಮಿಯೋಡರೋನ್ ತಗೊಳ್ಳೋರ ಮಾತ್ರೆಯಲ್ಲೇ ರಾಶಿ ಅಯೋಡಿನ್ ಇರುತ್ತೆ. ಗಾಯಕ್ಕೆ ಹಚ್ಚೋ ಕಂದು ಔಷಧಿ, ಹಾಲು ಕರೆದ ಮೇಲೆ ಕೆಚ್ಚಲಿನ ತೊಟ್ಟು ಅದ್ದೋ ಅಯೋಡಿನ್, ಇವು ಹೊಟ್ಟೆಗೆ ಅಲ್ಲವೇ ಅಲ್ಲ. ಇದನ್ನೂ ಬರೀಬೇಕಾ ಅಂತೀರಿ. ನಮ್ಮೂರಲ್ಲೇ ಒಬ್ಬರು "ಎರಡೂ ಅಯೋಡಿನ್ನೇ ಅಲ್ವಾ" ಅಂದ್ರು.

ಕುರಿ ಸಾಕೋರು ಕೇಳ್ತಾರೆ ಅಂತ ಗೊತ್ತು, ಅದಕ್ಕೂ ಹೇಳಿಬಿಡ್ತೀನಿ. ಹುಟ್ಟಿದ ಮರಿಗೆ ಗಂಟಲ ಹತ್ತಿರ ಗಟ್ಟಿ ಗಂಟು, ಮೈಮೇಲೆ ಕೂದಲು ಕಮ್ಮಿ, ನಿಲ್ಲೋಕೂ ಶಕ್ತಿ ಇಲ್ಲ ಅಂದ್ರೆ ತಾಯಿಗೆ ಅಯೋಡಿನ್ ಕಮ್ಮಿ ಇರಬಹುದು. ದೊಡ್ಡ ಕುರಿಗೆ ಗದ್ದದ ಕೆಳಗೆ ಮೆತ್ತಗೆ ನೀರು ತುಂಬಿದಂಗೆ ಊತ ಬಂದ್ರೆ ಅದು ಹೆಚ್ಚಾಗಿ ಹೊಟ್ಟೆಹುಳ, ರಕ್ತ ಹೀರೋ ಹುಳದ್ದು. ಶಿರಾ ಕಡೆ ಒಬ್ಬ ತಮ್ಮ ಅದಕ್ಕೂ ಇದೇ ಹನಿ ಕುಡಿಸಿ ಮೂರು ಕುರಿ ಕಳ್ಕೊಂಡ. ಅಯೋಡಿನ್ ಕೊಂದಿದ್ದಲ್ಲ, ಜಂತಿನ ಔಷಧಿ ಕೊಡೋ ಹೊತ್ತು ಹನಿ ಎಣಿಸ್ತಾ ಕೂತಿದ್ದು ಕೊಂದಿದ್ದು. ಪಶು ಆಸ್ಪತ್ರೆಯಲ್ಲಿ ತೋರಿಸಿ.

ಅಕ್ಕ ಮನೆಗೆ ಬಂದಿದ್ದಾಳೆ. ಹನಿ ನಿಲ್ಲಿಸಿ, ಎದೆಬಡಿತಕ್ಕೂ ಥೈರಾಯ್ಡಿಗೂ ಮಾತ್ರೆ ಕೊಟ್ಟಿದ್ದಾರೆ, ಆರು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ. ಮೈಯಲ್ಲಿ ಸೇರಿರೋ ಅಯೋಡಿನ್ ಕರಗೋಕೆ ತಿಂಗಳುಗಳೇ ಬೇಕಂತೆ. ನೆನ್ನೆ ಫೋನಲ್ಲಿ, "ಆ ಎರಡನೇ ಬಾಟ್ಲಿ ಸೀಲೇ ಒಡ್ದಿಲ್ಲ ಕಣೋ, ವಾಪಸ್ ಕೊಟ್ರೆ ದುಡ್ಡು ಕೊಡ್ತಾನಾ?" ಅಂತ ಕೇಳಿದ್ಲು. ಬಾಟಲಿ ಈಗ ನನ್ನ ಹತ್ತಿರ ಇದೆ. ಅವನು ಮುಂದೆ ಮಧುಗಿರಿ ಕಡೆ ಬರ್ತಾನೆ ಅಂತ ಸುದ್ದಿ. ಯಾವ ಸಂತೆಯಲ್ಲಿ ಕಂಡ್ರೂ ನನಗೆ ಒಂದು ಫೋನ್ ಮಾಡಿ, ಅಕ್ಕನ ರಿಪೋರ್ಟು, ಬಾಟಲಿ ಎರಡೂ ಹಿಡ್ಕೊಂಡು ಬರ್ತೀನಿ. ತಾಲ್ಲೂಕು ಆರೋಗ್ಯಾಧಿಕಾರಿಗೂ ಅರ್ಜಿ ಬರೆದಿಟ್ಟಿದ್ದೀನಿ. ಸಹಿ ಹಾಕೋರು ಭಾನುವಾರ ಡೈರಿ ಹತ್ತಿರ ಬನ್ನಿ, ಹಾಲು ಹಾಕೋ ಹೊತ್ತಿಗೆ ಅಲ್ಲೇ ಇರ್ತೀನಿ. ಸುರುಳಿಪೂಚಿ ಬಗ್ಗೆ ನಾಳೆ ಬರೀತೀನಿ.